ಓದಲು ಬಾರದ ಕಲ್ಲನ್ನು ಉಳಿಸಿದ ಊರು

(ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳ ಎನ್‌ಎಸ್‌ಎಸ್ ಶಿಬಿರ ನಡೆದಾಗ, ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಹಲ್ಮಿಡಿ ಅಂದ ಕೂಡಲೇ ನಮಗೆ ನೆನಪಾಗುವುದು ಒಂದು ಕಲ್ಲು, ಒಂದು ಇಸವಿ. ಕನ್ನಡದ ಮೊದಲ ಶಾಸನ ಯಾವುದು? ಹಲ್ಮಿಡಿ. ಕಾಲ? ಸುಮಾರು ಕ್ರಿ.ಶ. 450. ಪರೀಕ್ಷೆಗೆ ಓದುವ ಮಕ್ಕಳಿಗೆಲ್ಲ ಇದು ಬಾಯಿಪಾಠ. ಒಂದು ಅಂಕ ಬರುತ್ತದೆ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ಹಲ್ಮಿಡಿ ಒಂದು ಊರು, ಅಲ್ವಾ? ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಸಣ್ಣ ಊರು. ಕಲ್ಲಿನ ಬಗ್ಗೆ ಸಾಕಷ್ಟು ಜನ ಮಾತಾಡಿದ್ದಾರೆ. ನಾನು ಇವತ್ತು ಊರಿನ ಕಡೆಯಿಂದ ಮಾತಾಡುತ್ತೇನೆ.

ಬೇಲೂರಿಗೆ ದಿನವೂ ಬಸ್ಸುಗಟ್ಟಲೆ ಜನ ಬರುತ್ತಾರೆ. ಬರಲೇಬೇಕಾದ ಜಾಗ ಅದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿದವು. ಆದರೆ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಆ ಹೊತ್ತಿಗೆ ಹಲ್ಮಿಡಿಯ ಕಲ್ಲಿಗೆ ಹೆಚ್ಚುಕಡಿಮೆ 650 ವರ್ಷ ವಯಸ್ಸಾಗಿತ್ತು. ಬೇಲೂರಿನ ಶಿಲ್ಪಿಗಳು ಉಳಿ ಹಿಡಿದಾಗ ಪಕ್ಕದ ಊರಿನ ಆ ಅಕ್ಷರಗಳು ಅವರಿಗೇ ಹಳೆಯ ಕಾಲದವು. ಅವರಲ್ಲಿ ಯಾರಾದರೂ ಆ ಕಲ್ಲಿನ ಮುಂದೆ ನಿಂತಿದ್ದರೂ ಓದುವುದು ಕಷ್ಟವಾಗುತ್ತಿತ್ತು. ಅಷ್ಟರಲ್ಲಿ ಲಿಪಿ ಅಷ್ಟು ಬದಲಾಗಿಹೋಗಿತ್ತು.

ಕಲ್ಲು ದೊಡ್ಡದೇನಲ್ಲ. ಮೇಲ್ಭಾಗ ಕಮಾನಿನ ಹಾಗಿದೆ, ಅಲ್ಲೊಂದು ಚಕ್ರ ಕೆತ್ತಿದ್ದಾರೆ. ಮುಂದುಗಡೆ 15 ಸಾಲು, ಎಡಗಡೆ ಬದಿಯಲ್ಲಿ ಒಂದು ಸಾಲು. ಒಟ್ಟು 16. ಊರಿನ ಮಣ್ಣಿನ ಕೋಟೆಯಲ್ಲಿ, ವೀರಭದ್ರ ದೇವರ ಗುಡಿ ಮುಂದೆ ಇತ್ತು. 1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ ಅದನ್ನು ಗುರುತಿಸಿ, ಓದಿ, ಲೋಕಕ್ಕೆ ತಿಳಿಸಿದರು. ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಅಗೆತ ಮಾಡಿಸಿದವರೂ ಇವರೇ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಅದಕ್ಕೂ ಮುಂಚೆ ಬ್ರಿಟಿಷ್ ವಿದ್ವಾಂಸ ಬಿ.ಎಲ್. ರೈಸ್ ಅವರು ಸಂಸ್ಥಾನದ ಊರೂರು ಅಲೆಸಿ ಶಾಸನಗಳನ್ನು ಹುಡುಕಿಸಿದ್ದರು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನ ಅಚ್ಚಾದವು. ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಬೇಲೂರು ತಾಲ್ಲೂಕಿನ ಶಾಸನಗಳು ಅದರಲ್ಲಿ ರಾಶಿ ರಾಶಿ ಇವೆ. ಹಲ್ಮಿಡಿಯ ಈ ಕಲ್ಲು ಮಾತ್ರ ಇಲ್ಲ! ಅಷ್ಟು ದೊಡ್ಡ ಹುಡುಕಾಟದಲ್ಲೂ ಕೈಗೆ ಸಿಗದೆ ಉಳಿದ ಕಲ್ಲೇ ಕೊನೆಗೆ ಎಲ್ಲಕ್ಕಿಂತ ಮುಖ್ಯವಾಯಿತು. ಹಾಗಾಗಿ ‘ನಮ್ಮೂರಲ್ಲಿ ಏನೂ ಇಲ್ಲ ಬಿಡಿ ಸಾರ್, ಇದ್ದಿದ್ದರೆ ಆಗಲೇ ಯಾರಾದರೂ ನೋಡಿರುತ್ತಿದ್ದರು’ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಸರಿ, ಕಲ್ಲಿನಲ್ಲಿ ಏನು ಬರೆದಿದೆ? ಎಷ್ಟೋ ಜನ ವಿದ್ಯಾವಂತರಿಗೂ ಅದು ‘ಮೊದಲ ಶಾಸನ’ ಅನ್ನುವುದು ಗೊತ್ತು, ಒಳಗೇನಿದೆ ಗೊತ್ತಿಲ್ಲ. ಮೊದಲಿಗೆ ಅಚ್ಯುತನನ್ನು, ಅಂದರೆ ವಿಷ್ಣುವನ್ನು ಹೊಗಳುವ ಒಂದು ಸಂಸ್ಕೃತ ಶ್ಲೋಕ. ಆಮೇಲೆ ಕನ್ನಡ ಶುರು. ಕದಂಬರ ಕಕುಸ್ಥ ಆಳುತ್ತಿದ್ದಾಗ, ನರಿದಾವಿಳೆ ಎಂಬ ನಾಡಿನಲ್ಲಿ ನಡೆದ ವಿಷಯ. ಮೃಗೇಶ, ನಾಗ ಎಂಬ ಇಬ್ಬರು ಅಧಿಕಾರಿಗಳ ಹೆಸರು ಬರುತ್ತದೆ. ಪಶುಪತಿ ಎಂಬ ದೊಡ್ಡ ಒಡೆಯನ ಹೆಸರು ಬರುತ್ತದೆ. ಸೇಂದ್ರಕರು, ಬಾಣರು ಎಂಬ ಮನೆತನದವರು ಬರುತ್ತಾರೆ. ಅವರ ಕಡೆಯ ವೀರರ ಎದುರಿನಲ್ಲೇ ಕೇಕಯ ಪಲ್ಲವರ ಜೊತೆ ಕಾದಾಡಿ ಗೆದ್ದವನು ವಿಜ ಅರಸ. ಅವನಿಗೆ ‘ಬಾಳ್ಗಳ್ಚು’ ಆಗಿ ಎರಡು ಊರು ಕೊಟ್ಟರು. ಬಾಳ್ ಅಂದರೆ ಕತ್ತಿ. ಯುದ್ಧ ಮುಗಿದ ಮೇಲೆ ವೀರನ ರಕ್ತದ ಕತ್ತಿ ತೊಳೆದು, ಗೌರವ ಮಾಡಿ ಕೊಡುತ್ತಿದ್ದ ಭೂಮಿ ಅದು. ಕೊಟ್ಟ ಊರು ಯಾವುದು? ‘ಪಲ್ಮಿಡಿಉಂ ಮೂಳಿವಳ್ಳಿಉಂ ಕೊಟ್ಟಾರ್.’ ಪಲ್ಮಿಡಿ ಅಂದರೆ ಇವತ್ತಿನ ಹಲ್ಮಿಡಿ. ಹಾಲು ಹಿಂದೆ ಪಾಲು ಆಗಿತ್ತು, ಹೂವು ಪೂವು ಆಗಿತ್ತು. ಹಾಗೇ ಇದು.

ಯೋಚನೆ ಮಾಡಿ. ಕದಂಬರು ಹೋದರು. ಗಂಗರು, ಚೋಳರು, ಹೊಯ್ಸಳರು ಬಂದು ಹೋದರು. ವಿಜಯನಗರ, ಪಾಳೆಯಗಾರರು, ಮೈಸೂರು ಅರಸರು, ಬ್ರಿಟಿಷರು, ಎಲ್ಲರೂ ಆಳಿದರು. ರಾಜಧಾನಿಗಳೇ ಹೊಲವಾದವು. ಈ ಸಣ್ಣ ಊರು ಮಾತ್ರ ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಉಳಿಯಿತು. ತಲೆಮಾರು ತಲೆಮಾರು ಜನ ಅಲ್ಲೇ ಉತ್ತರು, ಬಿತ್ತರು, ಮಕ್ಕಳಿಗೆ ಊರಿನ ಹೆಸರು ಹೇಳಿಕೊಟ್ಟರು. ನನಗೆ ಈ ಶಾಸನದಲ್ಲಿ ಯುದ್ಧಕ್ಕಿಂತ ಜಾಸ್ತಿ ರೋಮಾಂಚನ ಆಗುವುದು ಇಲ್ಲಿ.

ಮುಂದೆ ವಿಜ ಅರಸ ಪಲ್ಮಿಡಿಗೆ ‘ಕುರುಂಬಿಡಿ’ ಬಿಟ್ಟ ಅಂತ ಇದೆ. ಆ ಪದವನ್ನು ವಿದ್ವಾಂಸರು ಬೇರೆ ಬೇರೆ ರೀತಿ ಬಿಡಿಸುತ್ತಾರೆ. ಬದಿಯ ಸಾಲಿನಲ್ಲಿ ಭಟ್ಟರಿಗೆ ಗದ್ದೆಯ ವಿಚಾರವಾಗಿ ಬಿಟ್ಟ ಹತ್ತರಲ್ಲೊಂದು ಪಾಲಿನ ಮಾತು ಬರುತ್ತದೆ. ಇದನ್ನು ಕೆಡಿಸಿದವರು ಮಹಾಪಾತಕಿಗಳು ಅಂತ ಎಚ್ಚರಿಕೆಯೂ ಇದೆ. ಹಾಗಾದರೆ ಇದು ಏನು? ಒಂದು ಊರಿನ ದಾಖಲೆ. ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು, ಯಾರ ಎದುರಲ್ಲಿ ಗೆದ್ದದ್ದಕ್ಕೆ ಕೊಟ್ಟರು, ಕೆಡಿಸಿದರೆ ಏನಾಗುತ್ತದೆ. ನಿಮ್ಮ ಮನೆಯ ಪಹಣಿ, ಪತ್ರಗಳಲ್ಲಿ ಇರುವುದೂ ಇವೇ ವಿಷಯಗಳು. ಕನ್ನಡದ ಅಷ್ಟು ಹಳೆಯ ಬರಹ ಅರಮನೆಯ ಗೋಡೆಯ ಮೇಲೆ ಸಿಗಲಿಲ್ಲ. ಹಳ್ಳಿಯ ಗುಡಿ ಮುಂದೆ, ಹಳ್ಳಿಯ ಜಮೀನಿನ ವಿಷಯವಾಗಿ ಸಿಕ್ಕಿತು.

ಇಸವಿಯ ಬಗ್ಗೆಯೂ ಒಂದು ಮಾತು. ಕಲ್ಲಿನ ಮೇಲೆ ಇಸವಿ ಬರೆದಿಲ್ಲ. ಅಕ್ಷರದ ರೂಪ, ಕಕುಸ್ಥನ ಹೆಸರು ಇವನ್ನು ನೋಡಿ 450ರ ಸುಮಾರು ಅಂತ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಸ್ವಲ್ಪ ಆಮೇಲಿನದು ಅನ್ನುವವರೂ ಇದ್ದಾರೆ. ಈ ನಡುವೆ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿ ಹತ್ತಿರ ಅಗೆದಾಗ ಸಿಂಹಕಟಾಂಜನದ (ಮೆಟ್ಟಿಲ ಬದಿಗೆ ಇಡುವ ಸಿಂಹದ ಕೆತ್ತನೆಯ ಕಲ್ಲಿನ) ಮೇಲೆ ಬರೆದ ಶಾಸನ ಸಿಕ್ಕಿತು. ಅದು 370ರ ಸುಮಾರಿನದು, ಹಲ್ಮಿಡಿಗಿಂತ ಹಳೆಯದು ಅನ್ನುತ್ತಾರೆ. ಆಗಿನಿಂದ ‘ಹಲ್ಮಿಡಿ ಮೊದಲಾ, ತಾಳಗುಂದ ಮೊದಲಾ’ ಅಂತ ಚರ್ಚೆ ನಡೆಯುತ್ತಲೇ ಇದೆ. ಚರ್ಚೆ ಆಗಲಿ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಗುವಾಗ ಭಾಷೆಯ ಹಳೆತನ ತೋರಿಸಬೇಕಿತ್ತು, ಹಲ್ಮಿಡಿ ಆಗ ಕೆಲಸಕ್ಕೆ ಬಂತು. ಆದರೆ ತಾಳಗುಂದ ಗೆದ್ದರೆ ಹಲ್ಮಿಡಿ ಸೋತಿತು ಅಂತ ಯಾರೂ ತಿಳಿಯಬೇಡಿ. ತಾಳಗುಂದವೂ ಹಳ್ಳಿಯೇ. ಅಲ್ಲಿನ ಕಂಬದ ಮೇಲೆ, ಕಂಚಿಗೆ ಓದಲು ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ಕತ್ತಿ ಹಿಡಿದು, ಕದಂಬರ ರಾಜ್ಯ ಕಟ್ಟಿದ ಕಥೆ ಇದೆ. ಬರೆದ ಕವಿಯ ಹೆಸರು ಕುಬ್ಜ. ಎರಡು ಸಣ್ಣ ಊರುಗಳು ನಮಗೆ ಇಷ್ಟು ಕೊಟ್ಟಿವೆ.

ಈಗ ನಾನು ಹೇಳಲೇಬೇಕು ಅಂತ ಬಂದ ಮಾತಿಗೆ ಬರುತ್ತೇನೆ. 450ರಿಂದ 1936ರ ತನಕ ಸುಮಾರು 1,500 ವರ್ಷ. ಅದರಲ್ಲಿ ಆ ಕಲ್ಲನ್ನು ಓದಲು ಬರುತ್ತಿದ್ದ ಕಾಲ ತುಂಬಾ ಕಮ್ಮಿ. ಮಿಕ್ಕ ನೂರಾರು ವರ್ಷ ಅದು ಊರಿನವರಿಗೆ ಏನೋ ಅಕ್ಷರ ಇರುವ ಹಳೆ ಕಲ್ಲು, ಅಷ್ಟೇ. ಹಾಗಿದ್ದೂ ಯಾರೂ ಅದನ್ನು ಒಡೆದು ಮನೆಯ ಪಾಯಕ್ಕೆ ಹಾಕಲಿಲ್ಲ. ಕಾಲುವೆ ಮೇಲೆ ಹಾಸಲಿಲ್ಲ. ಬಟ್ಟೆ ಒಗೆಯುವ ಕಲ್ಲು ಮಾಡಲಿಲ್ಲ. ಅಂಥ ಒಂದು ಕಲ್ಲು ಎಷ್ಟು ಕೆಲಸಕ್ಕೆ ಬರುತ್ತದೆ, ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಓದಿ, ಬೆಲೆ ತಿಳಿದು ಕಾಪಾಡುವುದು ಸುಲಭ. ಓದಲು ಬಾರದೆ, ಏನು ಅಂತ ಗೊತ್ತಿಲ್ಲದೆ, ‘ಹಿರಿಯರು ಇಟ್ಟಿದ್ದಾರೆ, ಇರಲಿ’ ಅಂತ ಉಳಿಸುವುದಿದೆಯಲ್ಲ, ಅದು ದೊಡ್ಡದು. ಡಾ. ಕೃಷ್ಣ ಅವರಿಗೆ ನಾವು ಋಣಿಗಳು. ಹೆಸರು ಎಲ್ಲೂ ದಾಖಲಾಗದ ಆ ಊರಿನ ರೈತರು, ಹೆಂಗಸರು, ಗುಡಿ ಗುಡಿಸಿದವರು, ದನ ಕಾಯ್ದವರು, ಅವರಿಗೂ ಅಷ್ಟೇ ಋಣಿಗಳು. ಪಠ್ಯಪುಸ್ತಕದಲ್ಲಿ ಅವರ ಬಗ್ಗೆ ಒಂದು ಸಾಲು ಇರಬೇಕು ಅಂತ ನನ್ನ ಆಸೆ.

ಕಲ್ಲುಗಳು ಹೀಗೆ ಉಳಿಯಲು ಹಿಂದಿನವರೂ ಉಪಾಯ ಮಾಡಿದ್ದರು. ಶಾಪ ಬರೆದರು. ಸೂರ್ಯ ಚಂದ್ರರನ್ನು ಕೆತ್ತಿದರು, ಅಂದರೆ ಅವರಿರುವ ತನಕ ಈ ಮಾತು ನಡೆಯಬೇಕು ಅಂತ. ಹಸು ಕರುವನ್ನು ಕೆತ್ತಿದರು. ಕೆಲವು ಕಡೆ ಕತ್ತೆಯ ಚಿತ್ರ ಕೆತ್ತಿ, ದಾನ ಕೆಡಿಸುವವನಿಗೆ ಬಾಯಲ್ಲಿ ಹೇಳಲಾಗದಂಥ ಬೈಗುಳ ಬರೆದರು. ಓದು ಬಾರದವನಿಗೂ ಚಿತ್ರ ನೋಡಿದರೆ ಅರ್ಥವಾಗಬೇಕು. ಆದರೆ ಈ ಭಯ ಈಗ ತಿರುಗಿಬಿದ್ದಿದೆ. ಅಕ್ಷರ ಇದೆ ಅಂದರೆ ಕೆಳಗೆ ನಿಧಿ ಇದೆ ಅಂತ ರಾತ್ರಿ ಬಂದು ಅಗೆಯುತ್ತಾರೆ, ಕಲ್ಲು ಸೀಳುತ್ತಾರೆ. ಊರಿನ ಹಿರಿಯರು ಇಲ್ಲಿ ಕೂತಿದ್ದೀರಿ, ಅದಕ್ಕೆ ಗಟ್ಟಿಯಾಗಿ ಹೇಳುತ್ತೇನೆ: ಶಾಸನ ನಿಧಿಗೆ ದಾರಿ ತೋರಿಸುವುದಿಲ್ಲ. ಅದರಲ್ಲಿ ಇರುವುದು ಗದ್ದೆ, ಕೆರೆ, ತೂಬು, ತೆರಿಗೆ, ದೇವರ ದೀಪದ ಎಣ್ಣೆ, ಸತ್ತ ವೀರನ ಹೆಸರು.

ವೀರ ಅಂದಾಗ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ನೆನಪಾಗುತ್ತದೆ. ಅದೂ ಒಂದು ಹಳ್ಳಿಯೇ. ಅಲ್ಲಿನ ಕಲ್ಲು ಹತ್ತನೇ ಶತಮಾನದ್ದು. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ನಡೆಯಿತು. ಗಂಗರ ಬೂತುಗ ರಾಷ್ಟ್ರಕೂಟರ ಕಡೆ. ಅವನ ಜೊತೆ ಹೋರಾಡಿದವನು ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಕೇಳು ಅಂದರೆ, ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ನಾಯಿ ಹಂದಿ ಕಾದಾಡುವುದನ್ನು ಕೆತ್ತಿದರು. ಆ ಕಲ್ಲಿಗೆ ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟರು. ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆ ಅಂತಲೂ ಬರೆದರು. ಮಣಲೇರನಿಗೂ ಬಾಳ್ಗಚ್ಚಾಗಿ ಊರುಗಳು ಸಿಕ್ಕವು. ಹಲ್ಮಿಡಿಯಲ್ಲಿ ಕಂಡ ಪದ್ಧತಿ 500 ವರ್ಷ ಆದಮೇಲೂ ನಡೆದಿತ್ತು ನೋಡಿ.

ಹಲ್ಮಿಡಿಯ ಮೂಲ ಕಲ್ಲು ಈಗ ಊರಿನಲ್ಲಿ ಇಲ್ಲ. ಸರ್ಕಾರದ ವಶದಲ್ಲಿದೆ. ಊರಿನಲ್ಲಿ ಒಂದು ಮಂಟಪ ಕಟ್ಟಿ ಅದರ ಪ್ರತಿಕೃತಿ ಇಟ್ಟಿದ್ದಾರೆ. ತೆಗೆದುಕೊಂಡು ಹೋದದ್ದು ಸರಿಯಾ ಅಂತ ಕೇಳಿದರೆ, ಇಷ್ಟು ಅಮೂಲ್ಯವಾದದ್ದು ಮಳೆ ಬಿಸಿಲಿಗೆ ಬಯಲಲ್ಲಿ ನಿಲ್ಲುವುದು ಬೇಡ ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಕಲ್ಲು ಕಳಿಸಿಕೊಟ್ಟ ಊರಿಗೆ ಅದರ ಓದು ವಾಪಸ್ ಬರಬೇಕು. ಎಲ್ಲಿ ಪ್ರತಿಕೃತಿ ನಿಲ್ಲಿಸಿದರೂ ಪಕ್ಕದಲ್ಲಿ ಇವತ್ತಿನ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಸಾಲು ಸಾಲಾಗಿ ಅರ್ಥ ಇರಬೇಕು. ಐದನೇ ಕ್ಲಾಸಿನ ಮಗು ನಿಂತು ಓದಬೇಕು. ಊರಿನ ಶಾಲೆಯಲ್ಲಿ ವರ್ಷಕ್ಕೊಂದು ದಿನವಾದರೂ ಆ 16 ಸಾಲನ್ನು ಗಟ್ಟಿಯಾಗಿ ಓದಿಸಬೇಕು.

ಇನ್ನು ನಿಮ್ಮ ಊರಿನ ಮಾತು. ಇವತ್ತು ಬೆಳಿಗ್ಗೆ ಕೆರೆ ಏರಿ ಕಡೆ ಬರುವಾಗ ಮೂರು ಅಂತಸ್ತಿನ ವೀರಗಲ್ಲು ಕಂಡೆ. ಕೆಳಗಿನ ಅಂತಸ್ತಿನಲ್ಲಿ ಹೋರಾಟ. ನಡುವಿನದರಲ್ಲಿ ಅಪ್ಸರೆಯರು ಸತ್ತವನನ್ನು ಕರೆದುಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಹೊಯ್ಸಳರ ಕಾಲದ ವೀರಗಲ್ಲುಗಳು ಬಹಳ ಕಡೆ ಹೀಗೇ ಇರುತ್ತವೆ. ಕೆಳಗೆ ದನಗಳಿದ್ದರೆ ಅದು ತುರುಗೋಳ್. ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನು ಅವನು. ಅವನು ರಾಜನಲ್ಲ, ಊರಿನ ಹುಡುಗ. ಪಕ್ಕದಲ್ಲಿ ಕೈ ಎತ್ತಿದ, ಬಳೆ ತೊಟ್ಟ ತೋಳು ಕೆತ್ತಿದ್ದರೆ ಅದು ಮಾಸ್ತಿಕಲ್ಲು. ಗಂಡನ ಜೊತೆ ಚಿತೆ ಏರಿದ ಹೆಂಗಸಿನ ಗುರುತು. ಅದನ್ನು ಮಾಸ್ತಮ್ಮ ಅಂತ ಪೂಜೆ ಮಾಡುವ ಊರುಗಳಿವೆ. ಆ ಪದ್ಧತಿಯನ್ನು ನಾವು ಹೊಗಳಬೇಕಾಗಿಲ್ಲ. ಆದರೆ ಆ ಹೆಣ್ಣುಮಗಳ ನೆನಪನ್ನು ಚರಂಡಿಗೆ ಹಾಕುವ ಹಕ್ಕೂ ನಮಗಿಲ್ಲ.

ಕಲ್ಲಷ್ಟೇ ಅಲ್ಲ. ಶಾನುಭೋಗರ ಮನೆತನ ಇದ್ದ ಊರುಗಳಲ್ಲಿ ಅಟ್ಟದ ಮೇಲೆ ಕಡತ ಇರಬಹುದು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕ ಅದು. ಕೆರೆಗೆ ಎಷ್ಟು ಖರ್ಚಾಯಿತು, ಯಾರು ಎಷ್ಟು ಕಂದಾಯ ಕೊಟ್ಟರು, ಜಾತ್ರೆಗೆ ಯಾರ ಮನೆಯಿಂದ ಏನು ಬಂತು, ಇಂಥ ವಿವರ ಸಿಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಳಪದ ಅಕ್ಷರ ಹೋಯಿತು! ಮನೆ ಸುಣ್ಣ ಹೊಡೆಯುವಾಗ ಕಪ್ಪು ಬಟ್ಟೆಯ ಕಟ್ಟು ಸಿಕ್ಕಿದರೆ ದಯವಿಟ್ಟು ಒಲೆಗೆ ಹಾಕಬೇಡಿ. ಹಾಗೇ ನೀರುಗಂಟಿಯ ಕೆಲಸ ಮಾಡಿದ ಮನೆತನದ ಹಿರಿಯರು ಇದ್ದರೆ ಅವರನ್ನು ಕೂರಿಸಿ ಕೇಳಿ. ಯಾವ ತೂಬು ಯಾವಾಗ ಎತ್ತುತ್ತಿದ್ದರು, ಯಾವ ಗದ್ದೆಗೆ ಮೊದಲು ನೀರು, ಬರ ಬಂದ ವರ್ಷ ಪಾಲು ಹೇಗೆ. ಇದು ಯಾವ ಕಲ್ಲಿನ ಮೇಲೂ ಇಲ್ಲ. ಅವರ ಜೊತೆಗೇ ಹೋಗಿಬಿಡುತ್ತದೆ.

ಇವೆಲ್ಲ ಹಾಳಾಗುತ್ತಿರುವುದು ದ್ವೇಷದಿಂದಲ್ಲ, ಎಷ್ಟೋ ಸಲ ಭಕ್ತಿಯಿಂದಲೇ. ಗುಡಿ ಜೀರ್ಣೋದ್ಧಾರ ಅಂತ ಮರಳು ಬ್ಲಾಸ್ಟಿಂಗ್ ಮಾಡಿಸುತ್ತಾರೆ. ಕಲ್ಲು ಫಳಫಳ ಹೊಳೆಯುತ್ತದೆ, ಅಕ್ಷರದ ಅಂಚು ಸವೆದುಹೋಗುತ್ತದೆ. ವೀರಗಲ್ಲಿಗೆ ಆಯಿಲ್ ಪೇಂಟ್ ಬಳಿಯುತ್ತಾರೆ. ಶಾಸನದ ಅರ್ಧ ಭಾಗ ಟೈಲ್ಸ್ ಕೆಳಗೆ, ಸಿಮೆಂಟಿನ ಒಳಗೆ ಸೇರುತ್ತದೆ. ರಸ್ತೆ ಅಗಲ ಮಾಡುವಾಗ ಜೆಸಿಬಿ ಬಂದು ಒಂದು ಗಂಟೆಯಲ್ಲಿ ಎಲ್ಲ ನೆಲಸಮ. ಕಾನೂನು ಇದೆ. ರಾಜ್ಯದಲ್ಲಿ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. ಆದರೆ ಸಂರಕ್ಷಿತ ಅಂತ ಘೋಷಣೆಯಾದ ಜಾಗಗಳ ಆಚೆ, ಹೊಲದ ಬದುವಿನಲ್ಲಿ ನಿಂತ ಕಲ್ಲಿಗೆ ಕಾವಲುಗಾರ ಬರುವುದಿಲ್ಲ. ಅದಕ್ಕೆ ಊರೇ ಕಾವಲು.

ಊರು ಮನಸ್ಸು ಮಾಡಿದರೆ ಆಗುತ್ತದೆ. ಬೆಂಗಳೂರಿನ ಹೆಬ್ಬಾಳ ಒಂದು ಕಾಲಕ್ಕೆ ಹಳ್ಳಿಯೇ. ಅಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ಸತ್ತ ವೀರನ ಹೆಸರು ಕಿತ್ತಯ್ಯ. ಅಲ್ಲಿನ ಜನ, ಇತಿಹಾಸದ ಆಸಕ್ತರು ಸೇರಿ ಅದಕ್ಕೆ ಮಂಟಪ ಕಟ್ಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಶೋಧನಾ ಸಂಸ್ಥೆಯವರು ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಅದರಲ್ಲಿ ಎದ್ದು ಕಾಣುತ್ತದೆ.

ಮಾತು ಮುಗಿದ ಮೇಲೆ ಊರಿನ ಒಬ್ಬ ಹಿರಿಯರು ಕೇಳಿದರು: ‘ನಮ್ಮ ಕಲ್ಲಿಗೆ ಆಗಲೇ ಬಣ್ಣ ಬಳಿದುಬಿಟ್ಟಿದ್ದೀವಲ್ಲ, ಈಗೇನು ಮಾಡೋದು ಸ್ವಾಮಿ?’ ನಾನು ಹೇಳಿದೆ: ನೀವಾಗಿ ಕೆರೆಯಬೇಡಿ ಯಜಮಾನರೇ. ಉಳಿ, ತಂತಿ ಬ್ರಷ್, ಆಸಿಡ್ ಯಾವುದೂ ಬೇಡ. ಇನ್ನೊಂದು ಸಲ ಬಣ್ಣ ಬಳಿಯುವುದನ್ನು ನಿಲ್ಲಿಸಿ, ಪುರಾತತ್ವ ಇಲಾಖೆಗೆ ಪಂಚಾಯಿತಿಯಿಂದ ಒಂದು ಪತ್ರ ಬರೆಯಿರಿ. ಪೂಜೆ ಮಾಡುವವರು ಮಾಡಿ. ಎಣ್ಣೆ, ಅರಿಶಿನ ಮಾತ್ರ ಅಕ್ಷರದ ಮೇಲೆ ಬೇಡ, ಬುಡಕ್ಕೆ ಸಾಕು.

ಒಬ್ಬಳು ವಿದ್ಯಾರ್ಥಿನಿ, ಅಕ್ಷರ ಸವೆದಿದ್ದರೆ ಫೋಟೋ ಹೇಗೆ ತೆಗೆಯಬೇಕು ಅಂತ ಕೇಳಿದಳು. ನಡು ಮಧ್ಯಾಹ್ನ ತೆಗೆದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಬೇಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದರೆ ಇನ್ನೂ ಚೆನ್ನ. ಅಕ್ಷರಕ್ಕೆ ಸೀಮೆಸುಣ್ಣ ತುಂಬಬೇಡಿ. ಪಡಿಯಚ್ಚು ತೆಗೆಯುವುದು ಬೇರೆ ವಿದ್ಯೆ. ಕಲ್ಲನ್ನು ನೀರು ಹಾಕಿ ಮೆತ್ತಗೆ ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ತಟ್ಟಿ ಅಕ್ಷರದ ಗುಳಿಗೆ ಇಳಿಸಿ, ಮೇಲೆ ಮಸಿ ಒತ್ತುತ್ತಾರೆ. ಗುಳಿ ಬೆಳ್ಳಗೆ ಉಳಿಯುತ್ತದೆ, ಮಿಕ್ಕದ್ದು ಕಪ್ಪಾಗುತ್ತದೆ. ಗೊತ್ತಿರುವವರ ಜೊತೆ ಕೂತು ಕಲಿತುಕೊಳ್ಳಿ, ಒಂದು ದಿನದಲ್ಲಿ ಕೈ ಹಿಡಿಯುತ್ತದೆ.

ನಾಳೆ ಬೆಳಿಗ್ಗೆ ಶಿಬಿರದವರು ನಾಲ್ಕು ಗುಂಪಾಗಿ ಹೊರಡುವುದು ಅಂತ ಮಾತಾಯಿತು. ಒಂದು ಗುಂಪು ಕೆರೆ ಏರಿಗೆ, ಒಂದು ಊರ ಬಾಗಿಲ ಕಡೆಗೆ, ಒಂದು ಗುಂಡುತೋಪಿಗೆ, ಇನ್ನೊಂದು ಹಿರಿಯರಿರುವ ಮನೆಗಳಿಗೆ. ಪ್ರತಿ ಕಲ್ಲಿಗೂ ಒಂದು ಪುಟ: ಎಲ್ಲಿದೆ, ಯಾರ ಜಮೀನು, ಎತ್ತರ ಅಗಲ ಎಷ್ಟು, ಏನು ಕೆತ್ತಿದೆ, ಅಕ್ಷರ ಇದೆಯಾ, ಊರಿನವರು ಅದನ್ನು ಏನಂತ ಕರೆಯುತ್ತಾರೆ. ಕೊನೆಯ ಪ್ರಶ್ನೆ ಮರೆಯಬೇಡಿ ಅಂದೆ. ಪಟ್ಟಿಯ ಒಂದು ಪ್ರತಿ ಶಾಲೆಗೆ, ಒಂದು ಪಂಚಾಯಿತಿಗೆ, ಒಂದು ಇಲಾಖೆಗೆ. ಆರು ಗಂಟೆಗೇ ಹೊರಡಿ, ತಡವಾದರೆ ಬಿಸಿಲು ನೆತ್ತಿ ಕಡೆ ಏರಿಬಿಡುತ್ತದೆ.